ಕಾಸರಕೋಡು ಟೊಂಕದ ಒಣಮೀನು: ನಾಲ್ಕು ತಿಂಗಳು ತಿಂದು ಮುಗಿಸಿ ಬರೀತಿರೋ ರಿವ್ಯೂ

ಏಪ್ರಿಲ್ ಕೊನೇಲಿ ಹೊನ್ನಾವರಕ್ಕೆ ಮದುವೆಗೆ ಹೋದವಳು ವಾಪಸ್ ಬರೋವಾಗ ಶರಾವತಿ ಸೇತುವೆ ದಾಟಿ ಕಾಸರಕೋಡು ಟೊಂಕಕ್ಕೆ ಹೋಗಿ ಒಣಮೀನು ತಗೊಂಡ್ ಬಂದಿದ್ದೆ. ಒಣ ಶೆಟ್ಲಿ (ಸೀಗಡಿ) ಒಂದೂವರೆ ಕೆಜಿ, ಉಪ್ಪು ಹಾಕಿ ಒಣಗಿಸಿದ ಬಂಗಡೆ ನೂರು, ನಂಗು ಮೀನು ಅರ್ಧ ಕೆಜಿ. ಈಗ ಆಗಸ್ಟ್ ಮುಗೀತಾ ಬಂತು, ಡಬ್ಬದ ತಳದಲ್ಲಿ ಒಂದ್ ಹಿಡಿ ಶೆಟ್ಲಿ ಉಳ್ದಿದೆ ಅಷ್ಟೇ, ಹಂಗಾಗಿ ಈಗ ಬರೆದ್ರೆ ಸರಿ ಅನ್ಸ್ತು. ತಗೊಂಡ ದಿನವೇ ಒಣಮೀನಿಗೆ ರಿವ್ಯೂ ಬರೆಯೋದ್ರಲ್ಲಿ ಅರ್ಥ ಇಲ್ಲ, ಜೂನ್ ಜುಲೈ ಮಳೆ ಥಂಡಿ ತಡ್ಕೊಂಡು ನಿಲ್ಲುತ್ತಾ ಇಲ್ವಾ ಅನ್ನೋದೇ ಅದರ ಪರೀಕ್ಷೆ.

ಮೊದಲೇ ಹೇಳ್ಬಿಡ್ತೀನಿ, 5ಕ್ಕೆ ನಾನು 4.5 ಕೊಡ್ತೀನಿ. ಆ ಅರ್ಧ ಯಾಕೆ ಕಟ್ ಮಾಡ್ದೆ ಅಂತ ಮುಂದೆ ಬರೀತೀನಿ. ಆದ್ರೆ ಈ ರಿವ್ಯೂ ಬರೀ ರುಚಿ ಬಗ್ಗೆ ಅಲ್ಲ, ಯಾಕಂದ್ರೆ ಈ ಮೀನು ಒಣಗೋ ಜಾಗ ಮುಂದಿನ ವರ್ಷ ಇರುತ್ತೋ ಇಲ್ವೋ ಅಂತ ಅಲ್ಲಿನ ಹೆಂಗಸರೇ ಭಯದಲ್ಲಿದಾರೆ, ಅದನ್ನ ಬಿಟ್ಟು ಚಟ್ನಿ ಚೆನ್ನಾಗಿತ್ತು ಅಂತಷ್ಟೇ ಬರೆಯೋಕೆ ನನಗೆ ಮನಸ್ಸು ಬರ್ಲಿಲ್ಲ.

ಮೊದಲು ಶೆಟ್ಲಿ. ಘಟ್ಟದ ಮೇಲಿನವರಿಗೆ ಹೇಳೋದಾದ್ರೆ ಶೆಟ್ಲಿ ಅಂದ್ರೆ ಸೀಗಡಿ, ಕುಂದಾಪುರದ ಕಡೆ ಚಟ್ಲಿ ಅಂತಾರೆ. ಒಳ್ಳೆ ಒಣ ಶೆಟ್ಲಿ ಕೈಯಲ್ಲಿ ಹಿಡಿದ್ರೆ ಹಗುರವಾಗಿ ಸರಸರ ಅನ್ಬೇಕು, ಬಣ್ಣ ತಿಳಿ ಕೇಸರಿ ಇರ್ಬೇಕು, ಮುಷ್ಟಿಯಲ್ಲಿ ಹಿಚುಕಿದ್ರೆ ಪುಡಿ ಆಗ್ಬೇಕು, ಅಂಟ್ಕೋಬಾರ್ದು. ಇದು ಹಂಗೇ ಇತ್ತು. ಬಾಣಲೆಗೆ ಎಣ್ಣೆ ಹಾಕದೆ ಸಣ್ಣ ಉರೀಲಿ ಹುರಿದು, ತಲೆ ಬಾಲ ಉದುರಿಸಿ, ಕಾಯಿತುರಿ, ಸುಟ್ಟ ಒಣಮೆಣಸು, ಒಂಚೂರು ಹುಣಸೆ, ಹಸಿ ಈರುಳ್ಳಿ ಹಾಕಿ ಚಟ್ನಿ ಮಾಡಿದ್ರೆ ಕುಚಲಕ್ಕಿ ಗಂಜಿಗೆ ಬೇರೆ ಏನೂ ಬೇಡ. ನಮ್ಮಮ್ಮ ಕುಮಟಾದವಳು, ಬೆಂಗಳೂರಿಗೆ ಬಂದು ಮೂವತ್ತು ವರ್ಷ ಆಯ್ತು, ಮೊದಲ ತುತ್ತು ತಿಂದು ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಇದು ಹೊಯ್ಗೆ ಮೇಲಿಂದಲ್ಲ, ಬಲೆ ಮೇಲೆ ಒಣಗ್ಸಿದ್ದು" ಅಂದ್ಲು. ಹೊಯ್ಗೆ ಅಂದ್ರೆ ಮರಳು. ಹೌದು, ಹಳೇ ಬಲೆ ಹಾಸಿ ಅದರ ಮೇಲೆ ಹರವಿದ್ದು. ತಿಂದೇ ಕಂಡುಹಿಡಿದ್ಲು.

ಬಂಗಡೆ ಕಥೆ ಬೇರೆ. ಅಲ್ಲಿ ಅದನ್ನ ತೂಕಕ್ಕಿಂತ ನೂರರ ಲೆಕ್ಕದಲ್ಲೇ ಮಾರ್ತಾರೆ. ಬೆನ್ನು ಸೀಳಿ, ಕರುಳು ತೆಗೆದು, ಉಪ್ಪು ತುಂಬಿ ಒಂದ್ ರಾತ್ರಿ ಇಟ್ಟು, ತೊಳೆದು, ಆಮೇಲೆ ಬಿಸಿಲಿಗೆ. ಬಿಸಿಲು ಚೆನ್ನಾಗಿದ್ರೆ ಮೂರ್ನಾಲ್ಕು ದಿನ, ಮೋಡ ಬಂದ್ರೆ ಎಲ್ಲ ಬಾಚಿ ಒಳಗೆ ತಗೊಂಡ್ ಹೋಗ್ಬೇಕು, ಮೋಡ ಹೋದ್ಮೇಲೆ ಮತ್ತೆ ಹರವ್ಬೇಕು, ಮಧ್ಯೆ ಕಾಗೆ ನಾಯಿ ಕಾಯ್ಬೇಕು, ಸಂಜೆ ಇಬ್ಬನಿ ಬೀಳೋ ಮುಂಚೆ ರಾಶಿ ಮಾಡಿ ಮುಚ್ಬೇಕು. ಇದನ್ನೆಲ್ಲ ಮಾಡೋದು ಪೂರ್ತಿ ಹೆಂಗಸರು. ಕೆಂಡದ ಮೇಲೆ ಸುಟ್ಟು, ಉಪ್ಪು ಕೆರೆದು, ಮೇಲೆ ಒಂದ್ ಚಮಚ ತೆಂಗಿನೆಣ್ಣೆ ಬಿಟ್ಕೊಂಡು ತಿಂದ್ವಿ, ನಮ್ಮನೇಲಿ ಕೆಂಡ ಇಲ್ಲ ಗ್ಯಾಸ್ ಮೇಲೆ ಜಾಲರಿ ಇಟ್ಟು ಸುಟ್ಟಿದ್ದು, ಆದ್ರೂ ಚೆನ್ನಾಗೇ ಬಂತು. ನನ್ನ ಅರ್ಧ ಮಾರ್ಕು ಹೋಗಿದ್ದು ಇಲ್ಲೇ. ನೂರರಲ್ಲಿ ಒಂದ್ ಹತ್ತು ಹನ್ನೆರಡು ಮೀನಿಗೆ ಉಪ್ಪು ಜಾಸ್ತಿ ಆಗಿತ್ತು, ಅರ್ಧ ಗಂಟೆ ನೀರಲ್ಲಿ ನೆನೆಸಿದ್ರೂ ಬಿಡ್ಲಿಲ್ಲ, ಅವನ್ನ ಮಾವಿನಕಾಯಿ ಹಲಸಿನ ಬೀಜ ಹಾಕಿ ಸಾರಿಗೇ ಬಳಸ್ಬೇಕಾಯ್ತು. ಸಾರಿಗೆ ಬೇರೆ ಉಪ್ಪೇ ಹಾಕ್ಲಿಲ್ಲ. ಮತ್ತೆ ಪ್ಯಾಕಿಂಗ್, ಬರೀ ನ್ಯೂಸ್ ಪೇಪರು ಮತ್ತೆ ತೆಳು ಕವರು, ಬಸ್ಸಲ್ಲಿ ಬರೋವಾಗ ಹಿಂದಿನ ಸೀಟಿನವರು ಎದ್ದು ಮುಂದೆ ಹೋದ್ರು, ನಂಗೆ ನಿಜಕ್ಕೂ ಮುಜುಗರ ಆಯ್ತು. ಹೋಗೋರು ಮನೆಯಿಂದಲೇ ಗಟ್ಟಿ ಮುಚ್ಚಳದ ಡಬ್ಬ ತಗೊಂಡ್ ಹೋಗಿ.

ನಂಗು ಬಗ್ಗೆ ಜಾಸ್ತಿ ಹೇಳೋಕಿಲ್ಲ, ಚಪ್ಪಟೆ ಮೀನು, ಹುರಿದ್ರೆ ಹಪ್ಪಳದ ಥರ ಗರಿಗರಿ, ಮಕ್ಕಳು ಒಂದೇ ವಾರದಲ್ಲಿ ಖಾಲಿ ಮಾಡಿದ್ವು.

ಹೋಲಿಕೆಗೆ ಒಂದ್ ಮಾತು. ಹೋದ ವರ್ಷ ಊರಿಗೆ ಹೋಗೋಕಾಗ್ದೆ ಆನ್‌ಲೈನಲ್ಲಿ ಒಂದ್ ಕಡೆ ಒಣ ಶೆಟ್ಲಿ ತರಿಸಿದ್ದೆ, ಹೆಸರು ಬೇಡ. ಪ್ಯಾಕೆಟ್ ತುಂಬ ಚೆಂದ, ಜಿಪ್ ಲಾಕ್ ಬೇರೆ, ಒಳಗಿದ್ದಿದ್ದು ಅರ್ಧ ಪುಡಿ, ತೇವ ಹಿಡಿದು ವಾಸನೆ, ತೊಳೆದ್ರೆ ತಳದಲ್ಲಿ ಮರಳು. ಬೆಲೆ ಟೊಂಕದ ಎರಡರಷ್ಟು. ಆ ದುಡ್ಡಲ್ಲಿ ಒಣಗಿಸಿದ ಹೆಂಗಸಿಗೆ ಎಷ್ಟು ಹೋಯ್ತು ಅಂತ ಪ್ಯಾಕೆಟ್ ಮೇಲೆ ಎಲ್ಲೂ ಬರೆದಿರ್ಲಿಲ್ಲ, ಯಾವ ಊರಿನ ಮೀನು ಅಂತಾನೂ ಇಲ್ಲ. ಟೊಂಕದಲ್ಲಿ ನಾನು ದುಡ್ಡು ಕೊಟ್ಟಿದ್ದು ಮೀನು ಸೀಳಿದ ಕೈಗೇ.

ಈಗ ಜಾಗದ ವಿಷ್ಯ.

ಮ್ಯಾಪಲ್ಲಿ ನೋಡಿ, ಶರಾವತಿ ಸಮುದ್ರ ಸೇರೋ ಅಳಿವೆ ಬಾಯಿ ಹತ್ರ ಒಂದ್ ಕಡೆ ನದಿ ಒಂದ್ ಕಡೆ ಸಮುದ್ರ, ನಡುವೆ ಮರಳಿನ ನಾಲಗೆ ಥರ ಚಾಚ್ಕೊಂಡಿರೋ ಜಾಗವೇ ಟೊಂಕ. ಅಲ್ಲಿ ಮೀನುಗಾರರ ಮನೆಗಳು, ದೋಣಿ ಎಳೆದಿಡೋ ಜಾಗ, ಬಲೆ ಹೆಣೆಯೋ ಚಪ್ಪರ, ಮತ್ತೆ ಅಗಲವಾದ ಮರಳು ಬಯಲು. ನಾವು ನೋಡಿದ್ರೆ ಖಾಲಿ ಬಯಲು ಅನ್ಸುತ್ತೆ. ಆದ್ರೆ ಅಲ್ಲಿ ಪ್ರತಿ ತುಂಡಿಗೂ ಲೆಕ್ಕ ಇದೆ, ಇದು ಇಂಥ ಮನೆಯವರು ಒಣಗಿಸೋ ಜಾಗ, ಅದು ಅವರ ಅತ್ತೆ ಕಾಲದಿಂದ ಬಂದಿದ್ದು, ಆ ಕಡೆಯದು ಇನ್ನೊಬ್ಬರದು ಅಂತ. ಬೇಲಿ ಇಲ್ಲ, ಕಲ್ಲಿಲ್ಲ, ಎಲ್ಲರಿಗೂ ಗೊತ್ತು. ಕಾಗದ ಮಾತ್ರ ಇಲ್ಲ.

ನನಗೆ ಶೆಟ್ಲಿ ಕೊಟ್ಟ ಅಕ್ಕನಿಗೆ ಅರವತ್ತರ ಹತ್ರ ವಯಸ್ಸಿರ್ಬೇಕು. ತೂಗ್ತಾ ತೂಗ್ತಾ ಹೇಳಿದ್ಲು, "ತಂಗಿ, ಸಮುದ್ರಕ್ಕೆ ಹೋಗೋ ಗಂಡಸರದ್ದು ಮೀನು ಅಂತ ಲೆಕ್ಕ ಬರೀತಾರೆ, ನಾವು ಒಣಗ್ಸೋದು ಯಾರ ಪುಸ್ತಕದಲ್ಲೂ ಇಲ್ಲ. ಈ ಹೊಯ್ಗೆ ಹೋದ್ರೆ ನಮ್ಗೆ ಏನ್ ಹೋಯ್ತು ಅಂತ ತೋರ್ಸೋಕೆ ಒಂದ್ ಚೀಟಿ ಇಲ್ಲ." ನಾನು ಏನೂ ಹೇಳೋಕಾಗದೆ ಸುಮ್ನೆ ನಿಂತಿದ್ದೆ.

ಆ ಜಾಗದಲ್ಲಿ ಖಾಸಗಿ ಬಂದರು ಮಾಡ್ಬೇಕು ಅಂತ ಸರ್ಕಾರ ಜಮೀನು ಕೊಟ್ಟು ಹತ್ತು ವರ್ಷದ ಮೇಲಾಯ್ತು. ಬಂದರಿಗೆ ಹೋಗೋ ರಸ್ತೆ ಸಮುದ್ರದ ದಂಡೆ ಮೇಲೇ, ಅಂದ್ರೆ ಸರಿಯಾಗಿ ಒಣಗಿಸೋ ಬಯಲಿನ ಮೇಲೇ ಬರುತ್ತೆ. ಮೀನುಗಾರರು ವರ್ಷಗಟ್ಟಲೆ ವಿರೋಧ ಮಾಡ್ತಾನೇ ಇದಾರೆ, ಕೋರ್ಟಿಗೂ ಹೋದ್ರು, 2024ರ ಶುರುವಲ್ಲಿ ರಸ್ತೆ ಕೆಲಸ ತಡೆಯೋಕೆ ಹೋದವರನ್ನ ಪೊಲೀಸರು ಹಿಡ್ಕೊಂಡು ಹೋಗಿದ್ದು ಪೇಪರಲ್ಲೂ ಬಂತು. ಅದೇ ದಂಡೇಲಿ ಚಳಿಗಾಲಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆ ಇಡ್ತಾವೆ. ಇನ್ನೂ ಒಂದ್ ವಿಷ್ಯ, ಇದೇ ಕಾಸರಕೋಡಿನ ಇನ್ನೊಂದು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮನ್ನಣೆ, ಸಿಕ್ತು, ನಮ್ ರಾಜ್ಯದಲ್ಲಿ ಆ ಸಲ ಸಿಕ್ಕಿದ್ದು ಇದಕ್ಕೆ ಮತ್ತೆ ಪಡುಬಿದ್ರಿಗೆ. ಒಂದೇ ಊರಿನ ಒಂದ್ ದಂಡೆನ ಸ್ವಚ್ಛ ಕಡಲು ಅಂತ ಲೋಕಕ್ಕೆ ತೋರಿಸ್ತೀವಿ, ಅದರ ಪಕ್ಕದ ದಂಡೇಲಿ ತಲೆಮಾರಿಂದ ಕೆಲಸ ಮಾಡ್ತಿರೋರು ತಮ್ಮ ಜಾಗಕ್ಕೆ ಬೀದಿಗಿಳೀಬೇಕು. ನನಗಿದು ತುಂಬ ನೋವಾಗೋ ವಿಷ್ಯ.

ಅಂಕೋಲಾದ ಕೇಣಿಲೂ ಈಗ ಅದೇ ಶುರುವಾಗಿದೆ, ಅಲ್ಲೂ ದೊಡ್ಡ ಬಂದರಿನ ಯೋಜನೆ, 2025ರ ಫೆಬ್ರವರಿಲಿ ಸರ್ವೆಗೆ ಬಂದಾಗ ಮೀನುಗಾರರು ಸಮುದ್ರಕ್ಕೇ ಇಳಿದು ಪ್ರತಿಭಟನೆ ಮಾಡಿದ್ರು.

ಬಂದರು ಬಂದ್ರೆ ಕೆಲಸ ಸಿಗುತ್ತೆ ಅಂತ ಕೆಲವರು ಹೇಳ್ತಾರೆ, ನನ್ನ ತಮ್ಮನೇ ಈ ವಿಷ್ಯಕ್ಕೆ ನನ್ನತ್ರ ವಾದ ಮಾಡಿದ. ಕೆಲವರಿಗೆ ಸಿಗಬಹುದು, ಓದಿದ ಹುಡುಗರಿಗೆ. ಆದ್ರೆ ಅರವತ್ತು ವರ್ಷದ, ಮೀನು ಮುಟ್ಟಿದ್ರೇ ಎಷ್ಟು ಉಪ್ಪು ಹಿಡಿದಿದೆ ಅಂತ ಹೇಳೋ ಹೆಂಗಸಿಗೆ ಬಂದರಲ್ಲಿ ಏನ್ ಕೆಲಸ ಕೊಡ್ತಾರೆ? ಅವಳಿಗಿರೋದು ಒಂದ್ ಬಯಲು, ಬಿಸಿಲು, ಉಪ್ಪು, ಮತ್ತೆ ದೋಣಿಯಿಂದ ಸಾಲ ಮಾಡಿ ತಂದ ಮೀನು. ಮೀನುಗಾರಿಕೆ ಬಂದ್ ಇರೋ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ, ಯಾಂತ್ರೀಕೃತ ಬೋಟುಗಳೆಲ್ಲ ದಡದಲ್ಲಿರುವಾಗ, ಆ ಮನೆಗಳಿಗೆ ದುಡ್ಡು ಬರೋದೇ ಬೇಸಿಗೆಲಿ ಒಣಗಿಸಿಟ್ಟಿದ್ದನ್ನ ಸಂತೆಗೆ ಹೊತ್ಕೊಂಡು ಹೋಗಿ ಮಾರಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಸಾಗರ ಸಂತೇಲಿ ಮಳೆಗಾಲಕ್ಕೆ ಒಣಮೀನು ತಗೊಳ್ಳೋ ಮನೆಗಳು ಎಷ್ಟೋ ಇವೆ, ಜಡಿಮಳೆಲಿ ಗದ್ದೆ ನಾಟಿ ಮುಗಿಸಿ ಬಂದು ಗಂಜಿ ಜೊತೆ ನಂಚ್ಕೊಳ್ಳೋದು ಅದನ್ನೇ.

ಈ ಜಾಗದ ಬೆಲೆ ನಂಗೆ ಪೂರ್ತಿ ಅರ್ಥ ಆಗಿದ್ದು ಬೆಂಗಳೂರಲ್ಲಿ. ಜೂನಲ್ಲಿ ಶೆಟ್ಲಿ ಸ್ವಲ್ಪ ಥಂಡಿ ಹಿಡಿದ ಹಾಗೆ ಅನ್ಸ್ತು, ಒಂದ್ ದಿನ ಒಳ್ಳೆ ಬಿಸಿಲಿತ್ತು, ಟೆರೇಸಲ್ಲಿ ಚಾಪೆ ಹಾಸಿ ಹರವಿದೆ. ಮಧ್ಯಾಹ್ನದೊಳಗೆ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಿಂದ ಫೋನ್, ವಾಸನೆ ಬರ್ತಿದೆ ತೆಗೀರಿ ಅಂತ. ತೆಗೆದೆ. ಒಂದೂವರೆ ಕೆಜಿ ಶೆಟ್ಲಿಗೆ ನಾಲ್ಕಡಿ ಜಾಗ ಒಂದ್ ದಿನದ ಮಟ್ಟಿಗೆ ಸಿಗ್ಲಿಲ್ಲ ಅಂತ ನಂಗೆ ಅಷ್ಟು ಸಂಕಟ ಆಯ್ತು. ಸಣ್ಣ ಮೀನು ಮೂರ್ನಾಲ್ಕು ಕೆಜಿ ಒಣಗಿದ್ರೆ ಒಂದ್ ಕೆಜಿ ಬರುತ್ತೆ, ದಿನಕ್ಕೆ ಬುಟ್ಟಿಗಟ್ಟಲೆ ಒಣಗಿಸೋ ಆ ಅಕ್ಕನಿಗೆ ಬಯಲೇ ಹೋದ್ರೆ ಅವಳು ಅದನ್ನ ಎಲ್ಲಿ ಹರವ್ತಾಳೆ?

ಕಾನೂನಲ್ಲಿ ಏನೂ ಇಲ್ಲ ಅಂತಲ್ಲ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆ, ನಾವೆಲ್ಲ ಸಿಆರ್‌ಝಡ್ ಅಂತೀವಲ್ಲ ಅದೇ, ಅದರಲ್ಲಿ ಮೀನುಗಾರರ ಹಳ್ಳಿ, ಅವರ ಸಾಮೂಹಿಕ ಜಾಗ, ಜೆಟ್ಟಿ, ಐಸ್ ಪ್ಲಾಂಟ್ ಜೊತೆಗೆ ಮೀನು ಒಣಗಿಸೋ ಕಟ್ಟೆ, ಒಣಗಿಸೋ ಪ್ರದೇಶ ಕೂಡ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಗುರುತು ಮಾಡ್ಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು, 2019ರಲ್ಲಿ ಅದರ ಬದಲು ಹೊಸ ಅಧಿಸೂಚನೆ ಬಂತು. ಅಂದ್ರೆ ಆ ಅಕ್ಕ ಕೇಳ್ತಿರೋ ಚೀಟಿ ಅಂಥ ನಕ್ಷೆಯೇ. ಅದನ್ನ ಸರಿಯಾಗಿ ಊರೂರಿಗೆ ಹೋಗಿ, ಒಣಗಿಸೋ ಹೆಂಗಸರನ್ನ ನಿಲ್ಲಿಸ್ಕೊಂಡು, ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ ಗುರುತು ಮಾಡಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಕಾಡಲ್ಲಿರೋರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಅಂತ ಒಂದಿದೆ, ಅದರ ಜಾರಿ ಬಗ್ಗೆ ನೂರು ತಕರಾರಿರಲಿ, ಅರ್ಜಿ ಹಾಕೋಕೆ ಒಂದ್ ದಾರಿಯಾದ್ರೂ ಇದೆ. ಕಡಲ ದಂಡೆಯವರಿಗೆ ಅಂಥದ್ದೊಂದು ಹಕ್ಕಿನ ಕಾಯ್ದೆ ಇಲ್ಲ, ಮೀನುಗಾರರ ಸಂಘಟನೆಗಳು ಅದನ್ನ ಕೇಳ್ತಾನೇ ಬಂದಿವೆ.

ಜಾಗತಿಕ ಮಟ್ಟದಲ್ಲೂ ಒಂದಿದೆ. 2014ರ ಜೂನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕಾ ಸಮಿತಿ ಸಣ್ಣ ಪ್ರಮಾಣದ ಮೀನುಗಾರಿಕೆಗೆ ಅಂತಲೇ ಮಾರ್ಗಸೂಚಿ ಒಪ್ಕೊಂಡ್ತು. ಅದರಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಏನಂದ್ರೆ, ಮೀನುಗಾರ ಅಂದ್ರೆ ದೋಣಿ ಮೇಲಿರೋನು ಮಾತ್ರ ಅಂತ ಅದು ಹೇಳಲ್ಲ, ಹಿಡಿದ ಮೇಲೆ ಸೀಳೋರು, ಒಣಗಿಸೋರು, ಮಾರೋರು ಎಲ್ಲರನ್ನೂ ಸೇರಿಸ್ಕೊಳ್ಳುತ್ತೆ, ಭೂಮಿ ಮತ್ತು ನೀರಿನ ಮೇಲಿನ ಹಕ್ಕಿಗೆ, ಹೆಂಗಸರ ಸಮಾನತೆಗೆ ಬೇರೆ ಬೇರೆ ಅಧ್ಯಾಯವೇ ಇದೆ. ಈ ಮಾರ್ಗಸೂಚಿಯನ್ನ ಚಂದ್ರಿಕಾ ಶರ್ಮಾ ಅನ್ನೋರ ನೆನಪಿಗೆ ಅರ್ಪಿಸಿದಾರೆ. ಚೆನ್ನೈನಿಂದ ನಡೆಯೋ, ಮೀನು ಕೆಲಸಗಾರರ ಪರವಾದ ಅಂತರರಾಷ್ಟ್ರೀಯ ಸಂಘಟನೆಯೊಂದರ ಕಾರ್ಯನಿರ್ವಾಹಕ ಕಾರ್ಯದರ್ಶಿ ಆಗಿದ್ರು ಅವರು, 2014ರ ಮಾರ್ಚ್ 8ಕ್ಕೆ ನಾಪತ್ತೆ ಆಯ್ತಲ್ಲ ಮಲೇಷ್ಯಾದ ವಿಮಾನ, ಅದರಲ್ಲಿದ್ರು, ಮಂಗೋಲಿಯಾದಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯ ಸಭೆಗೆ ಹೊರಟಿದ್ರು. ಮೂರು ತಿಂಗಳು ಬದುಕಿದ್ರೆ ತಾನು ದುಡಿದ ಕಾಗದಕ್ಕೆ ಒಪ್ಪಿಗೆ ಬಿದ್ದಿದ್ದು ನೋಡ್ತಿದ್ರು. ನಮ್ಮ ದೇಶದ ಹೆಂಗಸೊಬ್ಬರ ಹೆಸರು ಆ ಕಾಗದದ ಮೇಲಿದೆ, ನಮ್ಮ ಕರಾವಳಿ ಹೆಂಗಸರಿಗೆ ಆ ಕಾಗದ ಇರೋದೇ ಗೊತ್ತಿಲ್ಲ. ಕನ್ನಡದಲ್ಲಿ, ಕೊಂಕಣಿಲಿ, ತುಳುವಲ್ಲಿ ಅದನ್ನ ಯಾರಾದ್ರೂ ಮೀನು ಮಾರ್ಕೆಟಲ್ಲಿ ಕೂತು ಓದಿ ಹೇಳ್ಬೇಕು.

ಆಹಾರ ಮತ್ತು ಕೃಷಿ ಸಂಸ್ಥೆ ಆಮೇಲೆ ಮಾಡಿದ ಅಧ್ಯಯನದ ಪ್ರಕಾರ ಲೋಕದಲ್ಲಿ ಹಿಡಿಯೋ ಮೀನಿನ ಸುಮಾರು ಶೇ. 40 ಸಣ್ಣ ಮೀನುಗಾರರದ್ದು, ಮೀನು ಹಿಡಿಯೋ ವಲಯದಲ್ಲಿ ದುಡಿಯೋರಲ್ಲಿ ಶೇ. 90 ಮಂದಿ ಇವರೇ. ಇಷ್ಟು ಜನ ದುಡಿಯೋ ಕೆಲಸವನ್ನ ನಾವು ಸಣ್ಣದು ಅಂತ ಕರೀತೀವಿ.

ಮೀನು ಸಿಗೋದೂ ಕಷ್ಟ ಆಗಿದೆ ಅಂತ ಅಕ್ಕ ಹೇಳಿದ್ಲು. ಬೆಳಕು ಹಾಕಿ ಮೀನು ಹಿಡಿಯೋದನ್ನ 2017ರಲ್ಲೇ ಕೇಂದ್ರ ಸರ್ಕಾರ ನಿಷೇಧ ಮಾಡಿದೆ, ಆದ್ರೂ ರಾತ್ರಿ ಸಮುದ್ರದಲ್ಲಿ ದೀಪ ಉರಿಯೋದು ನಿಂತಿಲ್ಲ ಅಂತ ನಾಡದೋಣಿಯವರ ದೂರು. ಇನ್ನೊಂದು, ಸಣ್ಣ ಮೀನೆಲ್ಲ ಈಗ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತೆ, ಕೋಳಿಗೆ, ಸೀಗಡಿ ಸಾಕೋ ಕೆರೆಗೆ ಆಹಾರ ಆಗುತ್ತೆ. ಲಾರಿಗಟ್ಟಲೆ ಒಟ್ಟಿಗೆ ತಗೊಳ್ಳೋರ ಎದುರು ಎರಡು ಬುಟ್ಟಿ ಕೇಳೋ ಹೆಂಗಸಿನ ಮಾತು ಹರಾಜಲ್ಲಿ ಯಾರಿಗೂ ಕೇಳ್ಸಲ್ಲ. ಬಡವರ ಮನೆ ಗಂಜಿಗೆ ಬರ್ಬೇಕಾದ ಮೀನು ಅದು. ನಾನು ಶೆಟ್ಲಿ ರೇಟು ಹೋದ ಸಲಕ್ಕಿಂತ ಜಾಸ್ತಿ ಆಯ್ತಲ್ಲ ಅಂತ ಕೇಳಿದ್ದೆ, ಕೇಳಿದ್ಮೇಲೆ ನಂಗೇ ಬೇಜಾರಾಯ್ತು, ಚೌಕಾಶಿ ಮಾಡ್ಲಿಲ್ಲ. ದಯವಿಟ್ಟು ನೀವೂ ಮಾಡ್ಬೇಡಿ. ಮಾಲ್‌ನಲ್ಲಿ ಎಂಆರ್‌ಪಿ ನೋಡಿ ಸುಮ್ನೆ ಕಾರ್ಡ್ ಉಜ್ಜೋ ನಾವು ಬಿಸಿಲಲ್ಲಿ ಕೂತಿರೋರ ಹತ್ರ ಇಪ್ಪತ್ತು ರೂಪಾಯಿ ಕಮ್ಮಿ ಮಾಡಿ ಅನ್ನೋದು ತಪ್ಪು.

ತಗೊಳ್ಳೋರಿಗೆ ಒಂದೆರಡು ವಿಷ್ಯ. ಹೋಗೋದಾದ್ರೆ ಮಾರ್ಚ್‌ನಿಂದ ಮೇ ಎರಡನೇ ವಾರದೊಳಗೆ ಹೋಗಿ, ಆಮೇಲೆ ಮುಂಗಾರಿಗೆ ಮುಂಚಿನ ಮಳೆ ಹೊಡೆದ್ರೆ ಸರಕು ಅಷ್ಟು ಚೆನ್ನಾಗಿರಲ್ಲ. ಹೈವೇ ಪಕ್ಕದ ಅಂಗಡಿಲೇ ನಿಲ್ಲಿಸ್ಬೇಡಿ, ಒಳಗೆ ದಂಡೆವರೆಗೆ ನಡೀರಿ, ಒಣಗಿಸ್ತಿರೋರ ಹತ್ರಾನೇ ಕೇಳಿ. ಬಲೆ ಮೇಲೆ ಅಥವಾ ಎತ್ತರದ ತಟ್ಟಿ ಮೇಲೆ ಒಣಗಿಸಿದ್ದು ಇದೆಯಾ ಅಂತ ಕೇಳಿ, ಹೊಯ್ಗೆ ಮೇಲಿಂದಾದ್ರೆ ಬೆಲೆ ಕಮ್ಮಿ ಇರುತ್ತೆ ಆದ್ರೆ ಎರಡು ಮೂರು ಸಲ ತೊಳೀಬೇಕು. ಬಂಗಡೆ ಬೆನ್ನಿನ ಹತ್ರ ಬೆರಳಿಂದ ಒತ್ತಿ ನೋಡಿ, ಮೆತ್ತಗಿದ್ರೆ ಇನ್ನೂ ಒಣಗಿಲ್ಲ. ಹೊಟ್ಟೆ ಭಾಗ ಹಳದಿ ಆಗಿದ್ರೆ ಎಣ್ಣೆ ಕೆಟ್ಟಿದೆ ಅಂತರ್ಥ, ಬಿಡಿ. ಮನೆಗೆ ಬಂದ್ಮೇಲೆ ಇನ್ನೊಂದ್ ಬಿಸಿಲು ಕೊಟ್ಟು, ಪೇಪರಲ್ಲಿ ಸುತ್ತಿ, ಒಣಗಿದ ಸ್ಟೀಲ್ ಡಬ್ಬಕ್ಕೆ ನಾಲ್ಕು ಒಣಮೆಣಸಿನಕಾಯಿ ಜೊತೆ ಹಾಕಿಡಿ. ಶೆಟ್ಲಿನ ಮೊದಲೇ ಹುರಿದು ಫ್ರಿಜ್‌ನಲ್ಲಿಟ್ರೆ ಇನ್ನೂ ಒಳ್ಳೇದು, ನಾನು ಜುಲೈಲಿ ಹಂಗೇ ಮಾಡ್ದೆ.

ಅಲ್ಲಿಗೆ ಹೋದಾಗ ದೋಣಿ ಹಿಂದೆ ಹರವಿದ ಮೀನಿನ ಮೇಲೆ ಕಾಲಿಟ್ಟು ಫೋಟೋ ತೆಗಿಯೋರು ಇದ್ರು ಆವತ್ತು, ನೋಡ್ಕೊಂಡು ನಡೀರಿ.

ಬರೋ ಮುಂಚೆ ಅಕ್ಕನತ್ರ ಫೋನ್ ನಂಬರ್ ಇಸ್ಕೊಂಡಿದ್ದೆ, ಹೋದ ವಾರ ಮಾಡಿದ್ದೆ. ಶೆಟ್ಲಿ ಮುಗೀತು ಅಕ್ಕ, ಕಳಿಸೋಕಾಗುತ್ತಾ ಅಂತ ಕೇಳ್ದೆ. ಈಗ ಏನೂ ಇಲ್ಲ, ಬೋಟು ಈಗಷ್ಟೇ ಇಳಿದಿದೆ, ದೀಪಾವಳಿ ಕಳೀಲಿ, ಬಿಸಿಲು ಬರ್ಲಿ ಅಂದ್ಲು. ಜಾಗದ ಕಥೆ ಏನಾಯ್ತು ಅಂತ ಕೇಳಿದ್ದಕ್ಕೆ ಮಳೆಗಾಲದಲ್ಲಿ ಯಾರೂ ಬಂದಿಲ್ಲ ತಂಗಿ, ಮಳೆ ನಿಂತ ಮೇಲೆ ಬರ್ತಾರೇನೋ, ನಾವೂ ಇಲ್ಲೇ ಇರ್ತೀವಿ ಅಂದ್ಲು. ಎರಡು ಕೆಜಿ ಶೆಟ್ಲಿ, ನೂರು ಬಂಗಡೆ ಎತ್ತಿಡೋಕೆ ಹೇಳಿದೀನಿ, ಉಪ್ಪು ಸ್ವಲ್ಪ ಕಮ್ಮಿ ಹಾಕು ಅಂತಾನೂ ಹೇಳ್ದೆ. ಜನವರಿಗೆ ಡಬ್ಬ ತಗೊಂಡು ಹೋಗ್ತೀನಿ.